ಒಗ್ಗರಣೆ ಇಲ್ಲದ ಬುಧವಾರ

ನಮ್ಮಕ್ಕ ಆಂಜನಮ್ಮ ಸ್ಕೂಲಿನ ಮೆಟ್ಟಿಲು ಹತ್ತಿದವಳಲ್ಲ. ನಾನು ಆರನೇ ಕ್ಲಾಸಿನವರೆಗೆ ಹೋಗಿ ಮೇಷ್ಟ್ರ ಜೊತೆ ಜಗಳ ಆಡಿ ಬಿಟ್ಟುಬಂದೆ. ಅವಳು ಅಷ್ಟೂ ಹೋಗಲಿಲ್ಲ, ಆದರೆ ಜಗಳವನ್ನ ನನಗಿಂತ ಚೆನ್ನಾಗಿ ಆಡುತ್ತಾಳೆ. ನಾನು ಕೂಗಾಡಿ, ಕೆಮ್ಮಿ, ಸುಸ್ತಾಗಿ ಸೋಲುತ್ತೇನೆ. ಅವಳು ಸೊಪ್ಪು ಬಿಡಿಸುತ್ತಾ ಕೂತಲ್ಲೇ ಒಂದು ಮಾತು ಹೇಳಿ ಗೆಲ್ಲುತ್ತಾಳೆ. ಅವಳನ್ನ ಕೊಟ್ಟಿದ್ದು ನಮ್ಮ ಪಕ್ಕದ ಬೀದಿಗೇ, ಸೋದರಮಾವನ ಮಗ ಮುನಿಆಂಜನಪ್ಪನಿಗೆ. ಹೀಗಾಗಿ ನಾನು ಹುಟ್ಟಿದಾಗಿನಿಂದ ಸೋಲುತ್ತಲೇ ಇದ್ದೇನೆ.

ನಮ್ಮ ಹಳ್ಳಿ ಈಗ ಇಂದಿರಾನಗರದ ಹೊಟ್ಟೆಯೊಳಗಿದೆ. ಲೇಔಟ್ ಮಾಡಿದಾಗ ಹೊಲ ಹೋಯಿತು, ಊರು ಉಳಿಯಿತು. ನಡುವೆ ಒಂದು ಮೋರಿ. ಈಚೆ ನಾವು, ನಮ್ಮ ಗುಡಿ, ನಮ್ಮ ಹಸುಗಳು. ಆಚೆ ಬಂಗಲೆಗಳು, ನಾಯಿ ಹಿಡಿದುಕೊಂಡು ವಾಕಿಂಗ್ ಹೋಗುವ ಜನ. ಮದುವೆಯಾದ ಹೊಸದರಲ್ಲಿ ಅಕ್ಕ ಹಿತ್ತಲಲ್ಲಿ ಬೆಳೆದ ದಂಟಿನ ಸೊಪ್ಪನ್ನ ಕುಕ್ಕೆಯಲ್ಲಿ ಹೊತ್ತು ಬಸ್ಸಿನಲ್ಲಿ ಶಿವಾಜಿನಗರದ ಮಾರ್ಕೆಟ್ಟಿಗೆ ಹೋಗುತ್ತಿದ್ದಳು. ಅಲ್ಲಿ ಪಕ್ಕದಲ್ಲೇ ಗೋಣಿ ಹಾಸಿಕೊಂಡು ನಿಂಬೆಹಣ್ಣು, ಶುಂಠಿ ಮಾರುತ್ತಿದ್ದವಳು ಖುರ್ಷೀದಾ. ಮೊದಲ ದಿನವೇ ಇಬ್ಬರೂ ಜಾಗಕ್ಕೆ ಕಿತ್ತಾಡಿದರಂತೆ. ಮಧ್ಯಾಹ್ನ ಮಳೆ ಹೊಡೆಯಿತು. ಖುರ್ಷೀದಾ ಬೈಯುತ್ತಲೇ ತನ್ನ ಗೋಣಿ ಎತ್ತಿ ಅಕ್ಕನ ಸೊಪ್ಪಿನ ಮೇಲೆ ಹೊದಿಸಿದಳು. ಬೈಯುತ್ತಲೇ ಮನೆಗೆ ಕರೆದುಕೊಂಡು ಹೋಗಿ ಬಿಸಿ ಅನ್ನ, ಸಾರು ಹಾಕಿದಳು.

ಅವತ್ತಿನಿಂದ ಶುರುವಾಯಿತು. ರಂಜಾನಿಗೆ ಕರೆ, ಬಕ್ರೀದಿಗೆ ಕರೆ, ಮಕ್ಕಳ ಮದುವೆಗೆ ಕರೆ. ಖುರ್ಷೀದಾಳ ಗಂಡ ಕರೀಂ ಭಾಯ್ ಅಲ್ಲೇ ಹಾಸಿಗೆ ದಿಂಬಿನ ಅಂಗಡಿ ಇಟ್ಟವರು. ಅವರ ಮನೆ ಬಿರಿಯಾನಿ ತಿಂದು ನಾನೂ ಮೈ ಬೆಳೆಸಿದವನೇ.

ನಮ್ಮ ಕಡೆಯಿಂದ ಏನು? ಹೇಳೋಕೆ ನಾಚಿಕೆ. ಅಕ್ಕನ ಅತ್ತೆ ಬದುಕಿದ್ದಷ್ಟು ಕಾಲ ಖುರ್ಷೀದಾ ಬಂದರೆ ಹೊರಗಿನ ಜಗಲಿ ಮೇಲೆ ಕೂರಬೇಕು, ಹೊಸಲು ದಾಟಂಗಿಲ್ಲ. ಕಾಫಿಗೆ ಅವಳಿಗೆ ಬೇರೆ ಲೋಟ. ಆ ಲೋಟ ಜಗಲಿಯ ಗೂಡಿನಲ್ಲಿ ಕವುಚಿಕೊಂಡೇ ಇರುತ್ತಿತ್ತು. ಖುರ್ಷೀದಾ ನಕ್ಕುಕೊಂಡು, "ಏ ಆಂಜನಮ್ಮಾ, ನೋಡು, ಈ ಮನೇಲಿ ಯಾರಿಗೂ ಸ್ವಂತ ಲೋಟ ಇಲ್ಲ, ನನಗಿದೆ!" ಅನ್ನುತ್ತಿದ್ದಳು. ಅಕ್ಕ ನಗುತ್ತಿರಲಿಲ್ಲ. ಅತ್ತೆಯ ತಿಥಿ ಮುಗಿದ ಮಾರನೇ ದಿನ ಆ ಲೋಟ ಮೋರಿಗೆ ಹೋಯಿತು. ಆದರೆ ಕರೆದು ಊಟ ಹಾಕೋಣ ಅಂದರೆ ಒಂದಲ್ಲ ಒಂದು ಅಡ್ಡ. ಒಂದೇ ಕೋಣೆಯ ಮನೆ, ಆಮೇಲೆ ಮಗನ ಮದುವೆ, ಆಮೇಲೆ ಹಳೇ ಮನೆ ಕೆಡವಿ ಕಟ್ಟುವ ಕೆಲಸ.

"ಅವಳ ಮನೆ ಅನ್ನ ನನ್ನ ಹೊಟ್ಟೇಲಿದೆ. ನನ್ನ ಮನೆ ಅನ್ನ ಅವಳ ಬಾಯಿಗೆ ಹೋಗಿಲ್ಲ ಕಣೋ ವೆಂಕಟಸ್ವಾಮಿ" ಅಂತ ಅಕ್ಕ ವರ್ಷಕ್ಕೊಂದು ಸಲವಾದರೂ ನನ್ನ ಹತ್ತಿರ ಹೇಳುತ್ತಿದ್ದಳು.

ತೊಂಬತ್ತೆಂಟರಲ್ಲಿ ಹೊಸ ಮನೆ ಮುಗಿಯಿತು. ದೊಡ್ಡ ಹಾಲು, ಮೊಸಾಯಿಕ್ ನೆಲ. ಹಳೇ ಜಗಲಿಯ ಕಲ್ಲು ಮಾತ್ರ ನಮ್ಮ ಭಾವ ಎಸೆಯೋಕೆ ಬಿಡದೆ ಬಾಗಿಲ ಹೊರಗೆ ಹಾಕಿಸಿದರು. ಅದೇ ಹೊತ್ತಿಗೆ ಸುದ್ದಿ ಬಂತು, ಕರೀಂ ಭಾಯ್ ಖುರ್ಷೀದಾ ಇಬ್ಬರೂ ಹಜ್ಜಿಗೆ ಹೊರಟಿದ್ದಾರೆ ಅಂತ. ಹಜ್ಜಿಗೆ ಹೋಗುವವರನ್ನ ಹೊರಡುವ ಮುಂಚೆ ನೆಂಟರು, ಸ್ನೇಹಿತರು ಮನೆಗೆ ಕರೆದು ಊಟ ಹಾಕುತ್ತಾರೆ. ಶಿವಾಜಿನಗರದಲ್ಲಿ ಅದೊಂದು ದೊಡ್ಡ ಸಡಗರ. ಅಕ್ಕ ಪಟ್ಟು ಹಿಡಿದಳು.

"ಅವಳು ಹೊರಡೋ ಮುಂಚೆ ನನ್ನ ಮನೆ ಒಳಗೆ ಕೂತು ಉಣ್ಣಬೇಕು. ಅಷ್ಟೆ."

ಹಿಂದಿನ ವರ್ಷ ಅಲ್ಲಿ ಹಜ್ ಯಾತ್ರಿಕರ ಡೇರೆಗಳಿಗೆ ಬೆಂಕಿ ಬಿದ್ದದ್ದನ್ನ ಅವಳು ಟಿವಿಯಲ್ಲಿ ನೋಡಿದ್ದಳು. ಆ ಮಾತು ಬಾಯಿ ಬಿಟ್ಟು ಆಡಲಿಲ್ಲ. ಆದರೆ ಇನ್ನೊಂದು ಸಲ "ಹೊರಡೋ ಮುಂಚೆ" ಅಂದಳು. ನನಗೆ ಗೊತ್ತಾಯಿತು.

ದಿನ ಗೊತ್ತು ಮಾಡೋದೇ ಒಂದು ಪಂಚಾಯ್ತಿ. ಖುರ್ಷೀದಾಗೆ ಸಂಜೆಗಳೆಲ್ಲ ಊಟಕ್ಕೆ ಹೋಗಿಬಿಟ್ಟಿದ್ದವು. ನಮ್ಮಲ್ಲಿ ನೋಡಿದರೆ ಸೋಮವಾರ ಶಿವನದು, ಮಂಗಳವಾರ ಊರಮ್ಮನದು, ಗುರುವಾರ ಅಕ್ಕನ ಸೊಸೆ ಪದ್ಮಶ್ರೀ ಬಾಬಾಗೆ ಹಿಡಿದದ್ದು, ಶುಕ್ರವಾರ ಲಕ್ಷ್ಮಿಯದು, ಶನಿವಾರ ಭಾವನ ಆಂಜನೇಯಸ್ವಾಮಿಯದು. ಈ ಮನೇಲಿ ಮನುಷ್ಯರಿಗೆ ಅಂತ ಉಳಿದಿದ್ದು ಬುಧವಾರ, ಭಾನುವಾರ ಎರಡೇ. ಭಾನುವಾರ ಖುರ್ಷೀದಾಗೆ ಬಿಡುವಿಲ್ಲ. ಅವರು ಹೊರಡುವ ಮುಂಚಿನ ಕೊನೇ ಬುಧವಾರ ಖಾಲಿ ಇತ್ತು. ಅದು ಸಿಕ್ಕಿದ್ದಕ್ಕೆ ಅಕ್ಕ ಲಾಟರಿ ಹೊಡೆದವಳ ಥರ ಕುಣಿದಳು.

ಆಮೇಲೆ ಏನು ಅಡುಗೆ ಅನ್ನೋ ಜಗಳ. ಹಾಲಿನಲ್ಲಿ ಎಲ್ಲರೂ ಕೂತೆವು.

"ಮಟನ್ ಸಾರು, ಮುದ್ದೆ, ಬೋಟಿ ಗೊಜ್ಜು, ತಲೆಮಾಂಸ. ಮುಗೀತು" ಅಂದೆ ನಾನು.

"ಮಾವ, ತಲೆಮಾಂಸ ಎಲ್ಲ ಯಾರು ತಿಂತಾರೆ ಈಗ?" ಪದ್ಮಶ್ರೀ ಮೂಗು ಮುರಿದಳು. ಆ ಹುಡುಗಿ ಕಮ್ಮನಹಳ್ಳಿಯವಳು. ಅವರ ಮೇನ್ ರೋಡಿನಲ್ಲಿ ಗೋಬಿ ಮಂಚೂರಿ ಗಾಡಿ ಬಂದ ಮೇಲೆ ಅವಳಿಗೆ ಬೇರೆ ದೇವರೇ ಕಾಣುತ್ತಿರಲಿಲ್ಲ. "ಗೋಬಿ ಮಂಚೂರಿ ಮಾಡೋಣ. ಫ್ರೈಡ್ ರೈಸ್. ಕೊನೇಲಿ ಐಸ್‌ಕ್ರೀಮ್."

"ಹಜ್ಜಿಗೆ ಹೋಗೋರಿಗೆ ಕೋಸು ಕರಿದು ಕೊಡ್ತೀಯೇನಮ್ಮಾ? ಕರೀಂ ಭಾಯ್ ಏನಂದ್ಕೊಳ್ಳಲ್ಲ?"

"ನೀವು ಆಡಿನ ಕರುಳು ಕೊಟ್ರೆ ಏನೂ ಅಂದ್ಕೊಳ್ಳಲ್ವಾ?"

ನಾನು ಎದ್ದು ನಿಂತೆ. ಅಕ್ಕ ಕೈಯಲ್ಲಿದ್ದ ಬೆಳ್ಳುಳ್ಳಿ ಸಿಪ್ಪೆ ನನ್ನ ಕಡೆ ಎಸೆದು, "ಕೂತ್ಕೊಳೋ. ಮಟನ್ ಸಾರು, ಮುದ್ದೆ, ತುಪ್ಪದನ್ನ, ಕೈಮ ಉಂಡೆ. ಗೋಬೀನೂ ಇರ್ಲಿ, ಪಾಪ ಆಸೆ ಪಡ್ತಾಳೆ. ಮಾಂಸ ಮಾತ್ರ ಅವರು ತಿನ್ನೋ ಥರ ಕಡಿದಿದ್ದೇ ಆಗ್ಬೇಕು, ಶಿವಾಜಿನಗರದಿಂದಲೇ ತಾ" ಅಂದಳು. ಭಾವ ಮುನಿಆಂಜನಪ್ಪ ಬಾಯಿ ಬಿಡುವುದು ಕಮ್ಮಿ. "ಉಪ್ಪು ನೋಡಿ ಹಾಕು" ಅಂದರು. ಅಲ್ಲಿಗೆ ತೀರ್ಮಾನ ಆಯಿತು.

ನಾನು ಅಹ್ಮದ್ ಪಾಷಾ ಅಂಗಡಿಗೆ ಹೋಗಿ ಬುಧವಾರ ಬೆಳಿಗ್ಗೆಗೆ ಎಳೇ ಮಾಂಸ ಹೇಳಿಬಂದೆ. "ಮೂಳೆ ಜಾಸ್ತಿ ಹಾಕಿದ್ರೆ ಅಂಗಡಿ ಮುಂದೆ ಕೂತು ಗಲಾಟೆ ಮಾಡ್ತೀನಿ" ಅಂದೆ. "ಮಾಡಿ ಅಣ್ಣಾ, ಗಿರಾಕಿ ಜಾಸ್ತಿ ಬರ್ತಾರೆ" ಅಂದ.

ಮಂಗಳವಾರ ಸಂಜೆ. ನನ್ನದು ಹಲಸೂರಿನಲ್ಲಿ ಮೋಟರ್ ವೈಂಡಿಂಗ್ ಅಂಗಡಿ. ಅಂಗಡಿ ಮುಚ್ಚಿ ಬರುತ್ತಿದ್ದೇನೆ, ಊರ ಬಾಗಿಲಲ್ಲಿ ತಮಟೆ ಸದ್ದು.

"ಕೇಳ್ರಪ್ಪೋ ಕೇಳಿ! ಅಮ್ಮನ ಹಬ್ಬ ಸಾರಿದ್ದೀವಿ! ಇವತ್ತಿಂದ ಯಾರ ಮನೇಲೂ ಒಗ್ಗರಣೆ ಹಾಕಂಗಿಲ್ಲ, ಕರಿಯಂಗಿಲ್ಲ, ಹುರಿಯಂಗಿಲ್ಲ, ಮಾಂಸ ಬೇಯ್ಸಂಗಿಲ್ಲ..."

ಇದು ನಮ್ಮೂರ ಹಳೇ ಕಟ್ಟು. ಊರಹಬ್ಬ ಸಾರಿದ ದಿನದಿಂದ ಹಬ್ಬ ಮುಗಿಯುವವರೆಗೆ ಎಲ್ಲೆಯೊಳಗೆ ಎಣ್ಣೆ ಚುರ್ ಅನ್ನಬಾರದು. ಅಮ್ಮನಿಗೆ ಆಗಿಬರಲ್ಲ. ಪ್ರತಿ ವರ್ಷ ಹಬ್ಬ ಮುಂದಿನ ತಿಂಗಳು ಬರುತ್ತಿತ್ತು, ಅದಕ್ಕೇ ನಾವ್ಯಾರೂ ಆ ಕಡೆ ಯೋಚನೆನೇ ಮಾಡಿರಲಿಲ್ಲ.

ನಾನು ಸೈಕಲ್ ತಿರುಗಿಸಿ ನೇರ ಊರ ಯಜಮಾನ ಸಂಜೀವಪ್ಪನವರ ಮನೆಗೆ ನುಗ್ಗಿದೆ.

"ಏನ್ರೀ ಯಜಮಾನ್ರೇ, ಯಾರನ್ನ ಕೇಳಿ ಸಾರಿಸಿದ್ರಿ? ಈ ಊರಲ್ಲಿ ನಾವೇನು ಬಾಡಿಗೆಗೆ ಇದ್ದೀವಾ?"

"ಹುಡುಗರಿಗೆ ಎಸ್‌ಎಸ್‌ಎಲ್‌ಸಿ ಪರೀಕ್ಷೆ ಅಡ್ಡ ಬರುತ್ತಲ್ಲಪ್ಪ, ಅದಕ್ಕೇ ಮುಂಚೆ ಇಟ್ಕೊಂಡ್ವಿ. ಗುಡಿ ಹತ್ರ ಮೀಟಿಂಗ್ ಕರೆದಿದ್ವಿ. ನೀನು ಬಂದು, ಮೈಕ್ ಸರಿ ಇಲ್ಲ ಅಂತ ಬೈದು, ಎದ್ದು ಹೋದೆ."

ಅದು ನಿಜ. ಮೈಕ್ ನಿಜಕ್ಕೂ ಸರಿ ಇರಲಿಲ್ಲ.

ನಾಳೆ ಅಕ್ಕನ ಮನೆಗೆ ಯಾರು ಬರುತ್ತಾರೆ, ಯಾಕೆ ಬರುತ್ತಾರೆ ಅಂತ ಎಲ್ಲ ಹೇಳಿದೆ. ಮುದುಕ ಸಮಾಧಾನವಾಗಿ ಕೇಳಿಸಿಕೊಂಡರು. "ವೆಂಕಟಸ್ವಾಮಿ, ಒಂದು ಮನೆಗೆ ಬಿಟ್ರೆ ನಾಳೆ ಊರೆಲ್ಲ ಬೋಂಡ ಕರೀತದೆ. ಒಂದು ಕೆಲಸ ಮಾಡು. ಅಮ್ಮನ ಎಲ್ಲೆ ಮೋರಿಗೆ ಮುಗೀತು. ಮೋರಿ ಆಚೆ ಖಾಲಿ ಸೈಟಲ್ಲಿ ಒಂದು ಶಾಮಿಯಾನ ಹಾಕ್ಸು. ಅಲ್ಲೇ ಬೇಯ್ಸು, ಅಲ್ಲೇ ಬಡ್ಸು. ಯಾರು ಕೇಳ್ತಾರೆ?"

ನನಗೆ ಖುಷಿಯೋ ಖುಷಿ. ಇಷ್ಟು ಸುಲಭವಾಗಿ ಒಂದು ಜಗಳ ಗೆದ್ದದ್ದು ನನ್ನ ಜೀವಮಾನದಲ್ಲಿ ಇಲ್ಲ. ಓಡಿಬಂದು ಅಕ್ಕನಿಗೆ ಹೇಳಿದೆ. ಅವಳು ಅಡುಗೆಮನೆಯಲ್ಲಿ, ಮಸಾಲೆ ಅರೆಯೋಕೆ ಅಂತ ಒರಳು ತೊಳೆದು ಇಟ್ಟುಕೊಂಡು, ತಮಟೆ ಕೇಳಿ ಹಾಗೇ ಕೂತಿದ್ದಳು.

"ಶಾಮಿಯಾನ ಹಾಕ್ಸಿಬಿಡ್ತೀನಿ ಅಕ್ಕ. ಲೈಟ್ ನಾನೇ ಎಳೀತೀನಿ."

ಅಕ್ಕ ನನ್ನ ಮುಖ ನೋಡಿದಳು.

"ಇಷ್ಟು ವರ್ಷ ಜಗಲಿ ಮೇಲೆ ಕೂರಿಸಿದ್ದು ಸಾಲ್ದು ಅಂತ, ಈಗ ಮೋರಿ ಆಚೆ ಕೂರಿಸ್ಲೇನೋ?"

ಹಂಡ್ರೆಡ್ ಫೀಟ್ ರೋಡಿನ ಯಾವುದಾದರೂ ಹೋಟೆಲಿಗೆ ಕರೆದುಕೊಂಡು ಹೋಗೋಣ ಅಂತ ಪದ್ಮಶ್ರೀ ಮೆಲ್ಲಗೆ ಅಂದಳು. "ಹೋಟೆಲಿಗೆ ನಾನ್ಯಾಕೆ, ಬಿಲ್ಲು ಸಾಕು" ಅಂದಳು ಅಕ್ಕ. ಹಾಗಾದರೆ ಕದ ಹಾಕಿಕೊಂಡು ಮಾಡಿಬಿಡೋಣ, ಯಾವನು ಬಂದು ಮೂಸುತ್ತಾನೆ ನೋಡೋಣ ಅಂದೆ ನಾನು. "ಕದ್ದು ಬೇಯಿಸಿದ್ದನ್ನ ಅವಳಿಗೆ ಹಾಕಲ್ಲ" ಅಂದಳು.

ಮೋರಿ ಆಚೆಯಿಂದ ಯಾವನೋ ಪುಣ್ಯಾತ್ಮನ ಮನೆಯ ಸಾಸಿವೆ ಒಗ್ಗರಣೆ ಘಮ್ ಅಂತ ಬಂತು. ನನಗೆ ಹೋಗಿ ಅವನ ಕಾಲರ್ ಹಿಡಿಯಬೇಕು ಅನ್ನಿಸಿತು.

"ಅತ್ತೆ, ಕರಿಯಂಗಿಲ್ಲ, ಹುರಿಯಂಗಿಲ್ಲ, ಒಗ್ಗರಣೆ ಇಲ್ಲ ಅಂದ್ರೆ ಉಳಿದಿದ್ದು ಬ್ರೆಡ್ಡು ಜಾಮು" ಅಂದಳು ಪದ್ಮಶ್ರೀ.

ಅಕ್ಕ ಹಿತ್ತಲಿನ ಕಡೆ ನೋಡುತ್ತಿದ್ದಳು. ಮನೆ ಕಟ್ಟಿ ಉಳಿದ ಒಂದು ಚೂರು ಜಾಗದಲ್ಲಿ ಅಭ್ಯಾಸಬಲದಿಂದ ದಂಟಿನ ಸೊಪ್ಪು ಹಾಕಿದ್ದಳು. ಆಮೇಲೆ ಎದ್ದಳು, ಸೆರಗು ಸಿಕ್ಕಿಸಿದಳು.

"ಉಪ್ಪುಸಾರು" ಅಂದಳು.

ಸೊಪ್ಪು, ಕಾಳು ಬೇಯಿಸಿ, ಬಸಿದ ಕಟ್ಟಿನ ನೀರಿಗೆ ಉಪ್ಪು ಹಾಕಿ, ಮೆಣಸಿನಕಾಯಿ ಬೆಳ್ಳುಳ್ಳಿ ಜೀರಿಗೆ ಹುಣಸೆ ಅರೆದ ಖಾರ ಪಕ್ಕದಲ್ಲಿಡುವುದು. ಬೇಕಾದವರು ಬೇಕಾದಷ್ಟು ಕಲಸಿಕೊಳ್ಳಬೇಕು. ಒಂದು ತೊಟ್ಟು ಎಣ್ಣೆ ಬೇಡ. ಅಷ್ಟು ಸಿಕ್ಕಿದ್ದೇ ತಡ, ಅಕ್ಕನ ಬಾಯಿಂದ ಸಾಲಾಗಿ ಬಂದವು. ಮುದ್ದೆ. ಹಸಿ ಗೊಜ್ಜು. ಒಗ್ಗರಣೆ ಇಲ್ಲದ ಕೋಸಂಬರಿ. ಗಟ್ಟಿ ಮೊಸರು. ಒತ್ತು ಶಾವಿಗೆ, ಅದಕ್ಕೆ ಬೆಲ್ಲ ಏಲಕ್ಕಿ ಹಾಕಿದ ಕಾಯಿಹಾಲು.

"ಇದು ಔತಣದ ಊಟವೇನೇ? ಇದನ್ನ ನಾವು ಕೈಯಲ್ಲಿ ಏನೂ ಇಲ್ಲದಾಗ ತಿಂತಿದ್ವಿ!" ಅಂತ ರೇಗಿದೆ.

"ನೀನು ಶಾವಿಗೆ ಒತ್ತೋಕೆ ಬೆಳಿಗ್ಗೆ ಬೇಗ ಬಾ. ರೇಗೋಕೆ ಇರೋ ಶಕ್ತಿ ಅಲ್ಲಿ ತೋರ್ಸು."

ಬುಧವಾರ ಮೊದಲು ಅಹ್ಮದ್ ಪಾಷಾಗೆ ಮಾಂಸ ಬೇಡ ಅಂತ ಹೇಳಿಬರಬೇಕಾಯಿತು. ಅವನು ಗಲಾಟೆ ಮಾಡಬಹುದು ಅಂತ ನಾನೇ ಮುಂಚಿತವಾಗಿ ಗಲಾಟೆ ಮಾಡಿದೆ. ಅವನು ಕೇಳಿ ನಕ್ಕು, "ಖುರ್ಷೀದಾ ಆಪಾಗೆ ತಾನೆ? ಇನ್ನೊಂದು ದಿನ ತಗೊಂಡ್ ಹೋಗಿ ಅಣ್ಣಾ" ಅಂದ. ಅಂಥವನ ಜೊತೆ ಏನು ಜಗಳ ಆಡೋದು.

ಶಾವಿಗೆ ಒತ್ತುವುದು ಹುಡುಗಾಟ ಅಲ್ಲ. ಬಿಸಿ ಹಿಟ್ಟಿನ ಉಂಡೆಯನ್ನ ಶಾವಿಗೆ ಒರಳಿಗೆ ತುಂಬಿ, ಮೇಲಿನ ಹಿಡಿ ಹಿಡಿದು ಮೈಭಾರವೆಲ್ಲ ಬಿಟ್ಟು ಒತ್ತಬೇಕು. ಒರಳು ಕಿರ್ ಅಂತಿತ್ತು, ನಾನು ಅದಕ್ಕಿಂತ ಜೋರಾಗಿ ಕಿರ್ ಅಂತಿದ್ದೆ. ಭಾವ ಬಂದು ಒಂದು ಸಲ ನೋಡಿ, ಒರಳಿನ ಕಾಲು ಹಿಡಿದು ಅದು ಜಾರದಂತೆ ಕೂತರು. ಪದ್ಮಶ್ರೀ ಎಳೆ ಹಿಡಿದು ತಟ್ಟೆಗೆ ಸುತ್ತುತ್ತಾ, "ಮಾವ, ಹಲಸೂರಲ್ಲಿ ಮೋಟರ್ ಇದೆಯಲ್ಲ, ಇದಕ್ಕೊಂದು ಫಿಟ್ ಮಾಡಿ" ಅಂದಳು. ನಾನು ನಗಬಾರದು ಅಂದುಕೊಂಡೆ, ನಕ್ಕುಬಿಟ್ಟೆ, ಎಳೆ ಕಿತ್ತುಹೋಯಿತು, ಅಕ್ಕನ ಕೈಯಲ್ಲಿ ಬೈಸಿಕೊಂಡೆ.

ಸಂಜೆ ಆಟೋ ಬಂತು. ಕರೀಂ ಭಾಯ್ ಬಿಳಿ ಜುಬ್ಬ ಹಾಕಿ ಇಳಿದರು. ಖುರ್ಷೀದಾ ಮಂಡಿ ಹಿಡಿದುಕೊಂಡು ಇಳಿದಳು, ಚಪ್ಪಲಿ ಬಿಟ್ಟಳು, ಸೀದಾ ಹೋಗಿ ಆ ಹಳೇ ಜಗಲಿ ಕಲ್ಲಿನ ಮೇಲೆ ಕೂತುಬಿಟ್ಟಳು. ಬೇಕು ಅಂತ ಕೂತದ್ದಲ್ಲ. ಅಷ್ಟು ವರ್ಷದ ರೂಢಿ, ಕಾಲು ತಾನಾಗಿ ಅಲ್ಲಿಗೆ ಹೋಗಿತ್ತು.

ಬಾಗಿಲಲ್ಲಿ ನಿಂತಿದ್ದ ಅಕ್ಕನ ಮುಖ ಕಪ್ಪಿಟ್ಟಿತು.

"ಏಳೇ! ಏಳೇ ಮೇಲಕ್ಕೆ! ಇನ್ನೊಂದ್ಸಲ ಅಲ್ಲಿ ಕೂತ್ಯೋ, ಕಲ್ಲು ಒಡೆಸಿಹಾಕ್ತೀನಿ!"

"ಅರೆ, ಮಂಡಿ ನೋವು ಕಣೇ, ಒಂದ್ನಿಮಿಷ..."

"ಒಳಗೆ ನೋಯಿಸ್ಕೊಳೇ ಮಂಡೀನ!" ಅಂತ ಕೈ ಹಿಡಿದು ಎಬ್ಬಿಸಿ, ಹೊಸಲು ದಾಟಿಸಿ, ಹಾಲಿನ ನಟ್ಟನಡುವೆ ತಂದು ಕೂರಿಸಿದಳು. ಖುರ್ಷೀದಾ ಸುತ್ತ ನೋಡಿದಳು. "ನನ್ನ ಲೋಟ ಎಲ್ಲೇ?" ಅಂದಳು. ಈ ಸಲ ಅಕ್ಕ ನಕ್ಕಳು. ಇಬ್ಬರೂ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು.

ಎಲೆ ಹಾಕಿದೆವು. ಹಬ್ಬ ಸಾರಿದ್ದು, ಮಾಂಸ ತಪ್ಪಿದ್ದು, ಎಣ್ಣೆ ಇಲ್ಲದ್ದು, ಎಲ್ಲ ಅಕ್ಕ ಮೊದಲೇ ಹೇಳಿದಳು. ಕರೀಂ ಭಾಯ್ ತಲೆ ಆಡಿಸಿದರು. ಆಮೇಲೆ ಸ್ವಲ್ಪ ಹಿಂದೆ ಮುಂದೆ ನೋಡಿ ಕೇಳಿದರು.

"ಅಕ್ಕಾ, ತಪ್ಪು ತಿಳ್ಕೋಬೇಡಿ. ಈ ಅಡುಗೇನ ಅಮ್ಮನಿಗೆ ಎಡೆ ಇಟ್ಟಿದ್ದೀರಾ? ಇಟ್ಟಿದ್ರೆ... ನಾವು ಹೊರಟಿರೋದು ಹಜ್ಜಿಗೆ ನೋಡಿ."

ನನ್ನ ತಲೆ ಕಾದುಹೋಯಿತು. ಹಿಂದಿನ ದಿನದಿಂದ ಊರಿನ ಜೊತೆ, ಒರಳಿನ ಜೊತೆ ಗುದ್ದಾಡಿದ್ದೇನೆ. ಬಾಯಿ ತೆಗೆದೆ. ಭಾವ ನನ್ನ ತೊಡೆ ಹಿಂಡಿದರು. ನನಗೂ ಆಗಲೇ ಹೊಳೆದದ್ದು: ಹಬ್ಬ ಸಾರಿದ ಮೇಲೆ ಮೊದಲ ಅಡುಗೆ ಅಮ್ಮನಿಗೆ ಎಡೆ ಇಡದೆ ಅಕ್ಕ ಯಾವತ್ತೂ ಒಂದು ಅಗುಳು ಮುಟ್ಟಿದವಳಲ್ಲ. ಖುರ್ಷೀದಾ ಎಲೆ ನೋಡುತ್ತಾ ಕೂತಿದ್ದಳು, ಕೈ ಮುಂದೆ ಬರಲಿಲ್ಲ.

ಅಕ್ಕ ಸೌಟು ಕೆಳಗಿಟ್ಟಳು.

"ಇಟ್ಟಿಲ್ಲ ಕಣಪ್ಪಾ. ಬೆಳಿಗ್ಗೆ ಗುಡಿಗೆ ಹೋಗಿ ಹೇಳಿಬಂದೆ. ತಾಯಿ, ಇವತ್ತಿನ ಮೊದಲನೇ ತುತ್ತು ನನ್ನ ಖುರ್ಷೀದಾಗೆ, ನಿನಗೆ ನಾಳೆ ಅಂದೆ."

"ಅಮ್ಮ ಏನಂದ್ಲು?" ಖುರ್ಷೀದಾ ಕೇಳಿದಳು.

"ಏನೂ ಅನ್ಲಿಲ್ಲ. ಸುಮ್ಮನಿದ್ದಳು. ಒಪ್ಪಿದಳು ಅಂತ ನಾನೇ ತಿಳ್ಕೊಂಡೆ."

ಖುರ್ಷೀದಾ ಬಿಸ್ಮಿಲ್ಲಾ ಅಂದಳು. ಮುದ್ದೆ ಮುರಿದಳು. ಸಾರಿಗೆ ಖಾರ ಕಲಸಿ ಅದ್ದಿ ನುಂಗಿದಳು. ಅಕ್ಕ ಅವಳ ಗಂಟಲನ್ನೇ ನೋಡುತ್ತಿದ್ದಳು. ತುತ್ತು ಕೆಳಗಿಳಿದ ಮೇಲೆ ತಾನೂ ಉಗುಳು ನುಂಗಿದಳು.

ನಾನು ಜಾಣನ ಥರ ಕರೀಂ ಭಾಯಿಗೆ, "ಭಾಯ್, ಮುದ್ದೆ ಅಗಿಬಾರದು, ನುಂಗಬೇಕು" ಅಂದೆ.

"ನಾನು ಹೊಸಕೋಟೆಯವನು ಸ್ವಾಮಿ! ನೀವು ಇಂದಿರಾನಗರದವರು ನನಗೆ ಮುದ್ದೆ ಕಲಿಸ್ತೀರಾ?" ಅಂತ ನನ್ನ ಮುದ್ದೆಗಿಂತ ದೊಡ್ಡ ಮುದ್ದೆ ಕೇಳಿ ಹಾಕಿಸಿಕೊಂಡರು. ಖಾರಕ್ಕೆ ಮೂಗು ಒರೆಸಿಕೊಂಡು ಮತ್ತೆ ಸಾರು ಕೇಳಿದರು. ಶಾವಿಗೆ ಬಂದಾಗ ಯಾರು ಒತ್ತಿದ್ದು ಅಂದರು. ಪದ್ಮಶ್ರೀ ನನ್ನ ಕಡೆ ಕೈ ತೋರಿಸಿ, "ಇವರೇ, ಬೈಕೊಂಡು" ಅಂದಳು.

ಹೊರಡುವಾಗ ಖುರ್ಷೀದಾ ಅಕ್ಕನ ಎರಡೂ ಕೈ ಹಿಡಿದಳು. ಹಜ್ಜಿಗೆ ಹೋಗುವವರು ಎಲ್ಲರ ಹತ್ತಿರ ಕ್ಷಮೆ ಕೇಳಿ ಹೋಗಬೇಕು, ಯಾರ ಮನಸ್ಸಲ್ಲೂ ಬೇಜಾರು ಉಳಿಯಬಾರದು.

"ಆಂಜನಮ್ಮಾ, ಅಂದಿದ್ದು ಆಡಿದ್ದು ಎಲ್ಲ ಮಾಫ್ ಮಾಡ್ಬಿಡು."

"ಮಾಡಲ್ಲ" ಅಂದಳು ಅಕ್ಕ. "ನಾನು ಹಾಕ್ಬೇಕು ಅಂದ್ಕೊಂಡಿದ್ದು ಮಟನ್ ಊಟ. ವಾಪಸ್ ಬಂದು ಅದನ್ನ ತಿನ್ನು, ಆಮೇಲೆ ಮಾಫ್."

"ಯಾ ಅಲ್ಲಾ! ಹಂಗೆಲ್ಲ ಬಾಕಿ ಇಟ್ಕೊಂಡ್ ಹೋಗೋ ಹಂಗಿಲ್ಲ ಕಣೇ!"

"ಹಂಗಾದ್ರೆ ಬೇಗ ಬಾ."

ಆಟೋದವನು ಹಾರ್ನ್ ಹೊಡೆದ. ಇವರಿಬ್ಬರೂ ಬಿಡರು. ಕೊನೆಗೆ ಅಕ್ಕನೇ ಅವಳ ತಲೆ ಮೇಲಿನ ಸೆರಗು ಸರಿ ಮಾಡಿ, "ಆಯ್ತು, ಹೋಗೇ, ಮಾಫು. ಜಗಲಿದು ನೀನೂ ಮಾಫ್ ಮಾಡು" ಅಂದಳು. ಖುರ್ಷೀದಾ ಅಕ್ಕನ ಕೆನ್ನೆ ಹಿಂಡಿದಳು. ಆಮೇಲೆ ಆಟೋ ಒಳಗಿಂದ, "ಆ ಖಾರ ಒಂದು ಬಾಟ್ಲಿಗೆ ಹಾಕ್ಕೊಡೇ, ಅಲ್ಲಿ ಊಟ ಹೆಂಗಿರುತ್ತೋ ಏನೋ" ಅಂತ ಕೂಗಿದಳು. ಪದ್ಮಶ್ರೀ ಹಾರ್ಲಿಕ್ಸ್ ಬಾಟಲಿ ಹುಡುಕಿಕೊಂಡು ಓಡಿದಳು.

ಖುರ್ಷೀದಾ ಕ್ಷೇಮವಾಗಿ ಹೋಗಿ, ಕ್ಷೇಮವಾಗಿ ಬಂದಳು. ಬಂದ ವಾರವೇ ಅಕ್ಕನ ಮನೆಗೆ ಬಂದಳು. ಈ ಸಲ ಜಗಲಿ ಕಡೆ ತಿರುಗಿಯೂ ನೋಡದೆ, ಕೂಗದೆ ಕರೆಯದೆ ನೇರ ಅಡುಗೆಮನೆಗೆ ಹೋಗಿ ಅಕ್ಕನ ಪಕ್ಕ ಮಣೆ ಎಳೆದುಕೊಂಡು ಕೂತಳು. ಹಾರ್ಲಿಕ್ಸ್ ಬಾಟಲಿ ವಾಪಸ್ ತಂದಿದ್ದಳು, ತುಂಬ ಖರ್ಜೂರ.

ಊರಹಬ್ಬ ಎಂದೋ ಮುಗಿದಿತ್ತು. ನಾನು ಸಡಗರದಿಂದ ಅಹ್ಮದ್ ಪಾಷಾ ಹತ್ತಿರ ಹೋಗಿ ಬುಧವಾರಕ್ಕೆ ಎಳೇ ಮಾಂಸ ಹೇಳಿಬಂದು, "ಅಕ್ಕಾ, ಬೋಟಿನೂ ಹೇಳಿದ್ದೀನಿ" ಅಂತ ಒಳಗೆ ಬಂದೆ.

ಖುರ್ಷೀದಾ ಖರ್ಜೂರದ ಬೀಜ ಬಿಡಿಸುತ್ತಾ ತಲೆ ಎತ್ತಿದಳು. "ಮಟನ್ ನಮ್ಮ ಮನೇಲಿ ದಿನಾ ಇರುತ್ತಲ್ಲೋ ವೆಂಕಟಸ್ವಾಮಿ. ನನಗೆ ಆ ಉಪ್ಪುಸಾರು ಮಾಡ್ಸು. ಶಾವಿಗೆ ನೀನೇ ಒತ್ತು."

ಎರಡನೇ ಸಲ ಅದೇ ಕಸಾಯಿ ಅಂಗಡಿಗೆ ಹೋಗಿ ಮಾಂಸ ಬೇಡ ಅನ್ನಬೇಕು! ನಾನು ಕೂಗಾಡಿದೆ. ಇಬ್ಬರೂ ಕೇಳಿಸಿಕೊಳ್ಳಲಿಲ್ಲ. ಅಕ್ಕ ಆಗಲೇ ಸೊಪ್ಪು ಕೀಳೋಕೆ ಹಿತ್ತಲಿಗೆ ಹೋಗಿದ್ದಳು.